ಹಳೆ ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟ್: ಬೆಲ್ಟ್ ಒಂದೇ ಸಾಕಾ, ಪೂರ್ತಿ ಕಿಟ್ ಬೇಕಾ, ಯಾರ ಕೈಗೆ ಕೊಡಬೇಕು?

ನಮ್ಮ ಮನೆಯಲ್ಲಿ ಈಗಿನದಕ್ಕಿಂತ ಮುಂಚೆ ಇನ್ನೊಂದು ಡೀಸೆಲ್ ಕಾರಿತ್ತು. ಅದರ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಹಲ್ಲಿನ ರಬ್ಬರ್ ಬೆಲ್ಟ್) ಬದಲಿಸುವಾಗ ಗ್ಯಾರೇಜಿನವರು ಎರಡು ಲೆಕ್ಕ ಕೊಟ್ಟರು. ಬೆಲ್ಟ್ ಒಂದೇ ಹಾಕಿದರೆ ಇಷ್ಟು, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ರಾಟೆ) ಮತ್ತು ವಾಟರ್ ಪಂಪ್ (ಎಂಜಿನ್ ತಂಪಾಗಿಡುವ ಕೂಲೆಂಟನ್ನು ಓಡಿಸುವ ಪಂಪ್) ಸೇರಿಸಿದರೆ ಇಷ್ಟು. "ಪಂಪ್ ಚೆನ್ನಾಗೇ ಇದೆ, ಸುಮ್ನೆ ಯಾಕೆ ಖರ್ಚು" ಎಂದರು. ನಾನು ಕಡಿಮೆ ಲೆಕ್ಕಕ್ಕೆ ಒಪ್ಪಿದೆ. ಎಂಟು ತಿಂಗಳಿಗೆ ಪಂಪಿನ ಸೀಲ್ ಸೋರಿತು. ಕೂಲೆಂಟ್ ನೇರವಾಗಿ ಹೊಸ ಬೆಲ್ಟಿನ ಮೇಲೆ ಬಿತ್ತು. ಮತ್ತೆ ಚಕ್ರ ಬಿಚ್ಚಿ, ಎಂಜಿನ್ನನ್ನು ಬಾಡಿಗೆ ಹಿಡಿದಿಡುವ ಮೌಂಟ್ ಬಿಚ್ಚಿ, ಕವರ್ ಬಿಚ್ಚಿ, ಹೊಸ ಪಂಪ್ ಹಾಕಿ, ಅದರ ಜೊತೆ ಇನ್ನೊಂದು ಹೊಸ ಬೆಲ್ಟ್ ಹಾಕಿದರು. ಕೂಲಿ ಎರಡು ಸಲ ಕೊಟ್ಟೆ. ಬೆಲ್ಟಿಗೂ ಎರಡು ಸಲ ಕೊಟ್ಟೆ.

ಈಗ ನನ್ನ ಹತ್ತಿರ 2013ರ ಡಸ್ಟರ್ ಇದೆ. 1.5 ಲೀಟರ್ ಡೀಸೆಲ್, 85 ಪಿಎಸ್‌ದು. ಇದಕ್ಕೆ ಬೆಲ್ಟ್ ಹಾಕಿಸುವ ಮುಂಚೆ ಎಲ್ಲ ಆಯ್ಕೆಗಳನ್ನೂ ಕೂತು ನೋಡಿದೆ. ಪ್ರತಿ ಆಯ್ಕೆಗೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದರಿಂದ ನಾಳೆ ಮತ್ತೆ ಬಿಚ್ಚಬೇಕಾಗುತ್ತದಾ? ಟೈಮಿಂಗ್ ಬೆಲ್ಟಿನ ಕೆಲಸದಲ್ಲಿ ಶ್ರಮ ಇರುವುದು ಬೆಲ್ಟ್ ಹಾಕುವುದರಲ್ಲಿ ಅಲ್ಲ, ಅದರವರೆಗೆ ತಲುಪುವುದರಲ್ಲಿ. ಹಾಗಾಗಿ ಈ ಪ್ರಶ್ನೆಯೇ ಸಾಕಷ್ಟು ತೀರ್ಮಾನ ಮಾಡಿಬಿಡುತ್ತದೆ.

ಮೊದಲು ನಿಮ್ಮ ಎಂಜಿನ್ನಿನಲ್ಲಿ ಬೆಲ್ಟ್ ಇದೆಯಾ ನೋಡಿ

ಇದನ್ನು ಕೇಳಲೇಬೇಕು. ಸ್ವಿಫ್ಟ್, ಡಿಜೈರ್, ರಿಟ್ಜ್, ಪುಂಟೊ, ಲೀನಿಯಾಗಳಲ್ಲಿ ಬಂದ 1.3 ಮಲ್ಟಿಜೆಟ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಎಟಿಯೋಸ್ 1.4 ಡೀಸೆಲ್ಲಿಗೂ ಚೈನ್. ಈ ಕಾರುಗಳಿಗೆ ಯಾರಾದರೂ "ಟೈಮಿಂಗ್ ಬೆಲ್ಟ್ ಬದಲಿಸಬೇಕು" ಎಂದು ಎಸ್ಟಿಮೇಟ್ ಕೊಟ್ಟರೆ ಅಲ್ಲೇ ನಿಲ್ಲಿಸಿ ಕೇಳಿ. ಅವರು ಆಲ್ಟರ್ನೇಟರ್, ಎಸಿ ತಿರುಗಿಸುವ ಹೊರಗಿನ ಬೆಲ್ಟಿನ ಬಗ್ಗೆ ಹೇಳುತ್ತಿರಬಹುದು. ಅದು ಬೇರೆ, ಅಗ್ಗ, ಸುಲಭ.

ಬೆಲ್ಟ್ ಇರುವ ಹಳೆ ಡೀಸೆಲ್‌ಗಳು ನಮ್ಮ ರಸ್ತೆಯಲ್ಲಿ ಬೇಕಾದಷ್ಟಿವೆ. ರೆನೋದ ಕೆ9ಕೆ ಎಂಜಿನ್ ಇರುವ ಲೋಗನ್, ವೆರಿಟೊ, ಡಸ್ಟರ್, ಟೆರಾನೊ, ಸನ್ನಿ ಮತ್ತು ಮೈಕ್ರಾ ಡೀಸೆಲ್. ಪೋಲೊ, ವೆಂಟೊ, ರ‍್ಯಾಪಿಡ್‌ನ 1.5 ಮತ್ತು 1.6 ಟಿಡಿಐ. ಫಿಗೊ, ಫಿಯೆಸ್ಟಾ, ಇಕೋಸ್ಪೋರ್ಟ್‌ನ ಟಿಡಿಸಿಐ. ಹಳೆ ಇಂಡಿಕಾದ 1.4 ಡೀಸೆಲ್. ಬಿಡದಿಯಿಂದ ಬಂದ ಹಳೆ ಇನ್ನೋವಾ 2.5 ಕೂಡ ಬೆಲ್ಟಿನದೇ. 2016ರಲ್ಲಿ ಕ್ರಿಸ್ಟಾ ಬಂದ ಮೇಲೆ ಅದು ಚೈನ್ ಆಯಿತು.

ನನ್ನ ಬರಹ ಮುಖ್ಯವಾಗಿ ಕೆ9ಕೆ ಬಗ್ಗೆ, ಅದನ್ನೇ ನಾನು ಹತ್ತಿರದಿಂದ ನೋಡಿರುವುದು. ಬೇರೆ ಎಂಜಿನ್‌ಗಳಲ್ಲಿ ಲೆಕ್ಕ ಬದಲಾಗುವ ಕಡೆ ಹೇಳುತ್ತಾ ಹೋಗುತ್ತೇನೆ.

ಈ ಬೆಲ್ಟ್ ಮಾಡುವ ಕೆಲಸ

ಕೆಳಗೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಮೇಲೆ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಒಂದು ಸುತ್ತು ಸುತ್ತಬೇಕು. ಆ ಲೆಕ್ಕ ಒಂದು ಹಲ್ಲೂ ತಪ್ಪಬಾರದು. ಹೈವೇಯಲ್ಲಿ 2,000 ಆರ್‌ಪಿಎಂನಲ್ಲಿ ಒಂದು ಗಂಟೆ ಓಡಿಸಿದರೆ ಕ್ರ್ಯಾಂಕ್ 1,20,000 ಸುತ್ತು ತಿರುಗಿರುತ್ತದೆ. ಆ ಒಂದೊಂದು ಸುತ್ತಿಗೂ ಇದೇ ರಬ್ಬರ್ ಬೆಲ್ಟ್ ಕ್ಯಾಮನ್ನು ಎಳೆದಿರುತ್ತದೆ. ಡಸ್ಟರ್‌ನಲ್ಲಿ ಅದೇ ಬೆಲ್ಟ್ ಡೀಸೆಲ್ಲಿನ ಹೈ ಪ್ರೆಷರ್ ಪಂಪನ್ನೂ, ವಾಟರ್ ಪಂಪನ್ನೂ ತಿರುಗಿಸುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಕಂಪ್ರೆಷನ್ ಜಾಸ್ತಿ. ಪಿಸ್ಟನ್ ಮೇಲೆ ಬಂದಾಗ ಅದಕ್ಕೂ, ವಾಲ್ವ್‌ಗಳು ಕೂತಿರುವ ಹೆಡ್ಡಿಗೂ ನಡುವೆ ಜಾಗವೇ ಇರುವುದಿಲ್ಲ. ಬೆಲ್ಟ್ ಕಡಿದರೆ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವ್‌ಗಳು ತೆರೆದೇ ಉಳಿಯುತ್ತವೆ. ಪಿಸ್ಟನ್ ಮಾತ್ರ ಇನ್ನೂ ಓಡುತ್ತಿರುತ್ತದೆ. ಬಂದು ಗುದ್ದುತ್ತದೆ.

ಈಗಲೇ ಮಾಡಿಸುವುದಾ, ಇನ್ನಷ್ಟು ಓಡಿಸುವುದಾ

ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದು ಸಂಖ್ಯೆ ಇದೆ: "ಒಂದು ಲಕ್ಷಕ್ಕೆ ನೋಡ್ಕೊಳ್ಳಿ." ನನಗೆ ಕಾರು ಮಾರಿದವರೂ ಇದನ್ನೇ ಹೇಳಿದ್ದರು. ಆಗ ಮೀಟರಿನಲ್ಲಿ 92,000 ಇತ್ತು. ಇನ್ನೂ 8,000 ಬಾಕಿ ಇದೆ ಎಂದು ನಾನು ನೆಮ್ಮದಿಯಾಗಿದ್ದೆ. ಆದರೆ ಕಾರಿಗೆ ಆಗಲೇ ಒಂಬತ್ತು ವರ್ಷ ದಾಟಿತ್ತು, ಬೆಲ್ಟ್ ಒಮ್ಮೆಯೂ ಬದಲಾದ ದಾಖಲೆ ಇರಲಿಲ್ಲ. ಇದು ತಡವಾಗಿ ಹೊಳೆಯಿತು.

ಬೆಲ್ಟಿಗೆ ಎರಡು ಆಯಸ್ಸು. ಒಂದು ಕಿಲೋಮೀಟರ್, ಇನ್ನೊಂದು ವರ್ಷ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಹಳೆ ಕಾರುಗಳಲ್ಲಿ ಸಾಮಾನ್ಯವಾಗಿ ವರ್ಷವೇ ಮೊದಲು ಮುಗಿಯುತ್ತದೆ. ಶೆಡ್ಡಿನಲ್ಲಿ ನಿಂತ ಕಾರಿನ ಬೆಲ್ಟ್ ಕೂಡ ಬಿಸಿಲು, ಸೆಕೆ, ಎಣ್ಣೆಯ ಆವಿಗೆ ಗಟ್ಟಿಯಾಗುತ್ತಾ ಹೋಗುತ್ತದೆ.

ಸಂಖ್ಯೆ ಎಲ್ಲಿ ನೋಡಬೇಕು? ನಿಮ್ಮ ಕಾರಿನ ಜೊತೆ ಬಂದ ಭಾರತದ ಮ್ಯಾನುಯಲ್ ಅಥವಾ ಸರ್ವೀಸ್ ಬುಕ್ಕಿನಲ್ಲಿ. ಯುರೋಪಿನ ಸಂಖ್ಯೆಗಳನ್ನು ಅಂತರ್ಜಾಲದಲ್ಲಿ ಓದಿ ನಂಬಿಕೊಳ್ಳಬೇಡಿ. ಅದೇ ಎಂಜಿನ್ನಿಗೆ ಒಂದೊಂದು ದೇಶದಲ್ಲಿ ಒಂದೊಂದು ಅವಧಿ ಕೊಟ್ಟಿರುತ್ತಾರೆ. ಅಲ್ಲಿನ ಚಳಿ, ಶುಚಿಯಾದ ರಸ್ತೆ ಬೇರೆ. ಸಂಡೂರಿನ ಅದಿರು ರಸ್ತೆಯ ಕೆಂಪು ಧೂಳು, ಕಲಬುರಗಿಯ ಏಪ್ರಿಲ್ ಬಿಸಿಲು, ಮಂಗಳೂರಿನ ಮಳೆ ಬೇರೆ. ಬೆಲ್ಟಿನ ಕವರ್ ಪ್ಲಾಸ್ಟಿಕ್ಕಿನದು. ಪೂರ್ತಿ ಗಾಳಿ ಬಿಗಿ ಇರುವುದಿಲ್ಲ. ಕೆಳಗಿನ ಗಾರ್ಡ್ ಮುರಿದು ಹೋಗಿದ್ದರೆ ಅಥವಾ ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಕಿತ್ತುಹೋಗಿದ್ದರೆ ಇನ್ನೂ ಕಷ್ಟ. ನಿಮ್ಮ ಕಾರು ಒಮ್ಮೆ ಪ್ರವಾಹದ ನೀರಿನಲ್ಲಿ ನಿಂತಿದ್ದರೆ ಅವಧಿ ಕಾಯಲೇಬೇಡಿ.

"ಕವರ್ ತೆಗೆದು ನೋಡಿದೆ, ಬೆಲ್ಟ್ ಹೊಸದರ ಹಾಗಿದೆ" ಎಂದು ಹೇಳುವವರಿದ್ದಾರೆ. ಈಗಿನ ಬೆಲ್ಟ್‌ಗಳ ರಬ್ಬರ್ ಬೇರೆ ಥರದ್ದು. ಹಳೆ ಕಾಲದ ಬೆಲ್ಟಿನ ಹಾಗೆ ಮೊದಲೇ ಬಿರುಕು ಬಿಟ್ಟು ಸುಳಿವು ಕೊಡುವುದು ಕಡಿಮೆ. ಒಳಗಿನ ಗಾಜಿನ ನಾರು ಸೋತಿರುವುದು ಹೊರಗಿನಿಂದ ಕಾಣುವುದಿಲ್ಲ. ಬಿರುಕು ಕಂಡರೆ ಬದಲಿಸಿ ಎಂಬುದು ಸರಿ. ಬಿರುಕು ಕಾಣದಿದ್ದರೆ ಬದಲಿಸಬೇಡಿ ಎಂಬುದು ತಪ್ಪು.

ಇನ್ನೋವಾ 2.5 ಇಟ್ಟುಕೊಂಡವರಿಗೆ ಒಂದು ಅನುಕೂಲ ಇದೆ. ಅವಧಿ ಮುಗಿದಾಗ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ದೀಪ ಉರಿಯುತ್ತದೆ. ಆದರೆ ಆ ದೀಪ ನೋಡುವುದು ಕಿಲೋಮೀಟರನ್ನು ಮಾತ್ರ, ಬೆಲ್ಟನ್ನಲ್ಲ. ಬೆಲ್ಟ್ ಹಾಕದೆಯೂ ಅದನ್ನು ರೀಸೆಟ್ ಮಾಡಬಹುದು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ದೀಪ ಆರಿದೆ ಎಂದು ಬೆಲ್ಟ್ ಬದಲಾಗಿದೆ ಅಂದುಕೊಳ್ಳಬೇಡಿ.

ನನ್ನ ನಿಲುವು ಇಷ್ಟು. ಬಿಲ್ ಇದ್ದರೆ ಬಿಲ್ಲಿನ ದಿನಾಂಕದಿಂದ ಲೆಕ್ಕ ಹಾಕಿ. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿಯಿರಿ. ದೆಹಲಿ ಕಡೆಯಿಂದ ಎನ್‌ಒಸಿ ಮಾಡಿಸಿ ತಂದ ಡೀಸೆಲ್ ಕಾರುಗಳಿಗೆ ಈ ಮಾತು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ಲಿಗೆ ನಿರ್ಬಂಧ ಬಂದ ಮೇಲೆ ಎಷ್ಟೋ ಕಾರುಗಳು ಬೇರೆ ರಾಜ್ಯಗಳಿಗೆ ಹೋದವು. ಮಾರಿಬಿಡುವ ಕಾರಿಗೆ ಕೊನೆ ವರ್ಷದಲ್ಲಿ ಯಾರು ದುಡ್ಡು ಹಾಕುತ್ತಾರೆ, ಅಲ್ವಾ?

ಬೆಲ್ಟ್ ಒಂದೇ, ಕಿಟ್, ಅಥವಾ ಪಂಪ್ ಸೇರಿಸಿ

ಮೂರು ಆಯ್ಕೆಗಳಲ್ಲೂ ಕೂಲಿ ಹೆಚ್ಚುಕಡಿಮೆ ಒಂದೇ. ಬಲಗಡೆ ಮುಂದಿನ ಚಕ್ರ ಬಿಚ್ಚಬೇಕು. ಲೈನರ್ ತೆಗೆಯಬೇಕು. ಎಂಜಿನ್ನಿಗೆ ಕೆಳಗಿನಿಂದ ಮರದ ತುಂಡಿಟ್ಟು ಜಾಕ್ ಕೊಡಬೇಕು. ಬಲಗಡೆಯ ಮೌಂಟ್ ಬಿಚ್ಚಬೇಕು. ಹೊರಗಿನ ಬೆಲ್ಟ್, ಕ್ರ್ಯಾಂಕ್ ಪುಲಿ, ಆಮೇಲೆ ಕವರ್. ಇಷ್ಟಾದ ಮೇಲೆ ಟೈಮಿಂಗ್ ಬೆಲ್ಟ್ ಕಾಣುತ್ತದೆ. ಅರ್ಧ ದಿನದಿಂದ ಒಂದು ದಿನದ ಕೆಲಸ.

ಬೆಲ್ಟ್ ಒಂದೇ ಹಾಕುವುದು ಅಗ್ಗ. ಆದರೆ ಟೆನ್ಷನರ್ ಒಳಗಿನ ಬೇರಿಂಗು ಹಳೆ ಬೆಲ್ಟಿನಷ್ಟೇ ಓಡಿರುತ್ತದೆ. ಅದರ ಗ್ರೀಸ್ ಒಣಗಿರುತ್ತದೆ, ಸ್ಪ್ರಿಂಗ್ ಸಡಿಲವಾಗಿರುತ್ತದೆ. ಅದು ಇನ್ನೊಂದು ಪೂರ್ತಿ ಅವಧಿ ತಾಳಬೇಕು ಎಂದು ನೀವು ಬಯಸುತ್ತಿದ್ದೀರಿ. ಟೆನ್ಷನರ್ ತಿರುಗದೆ ಹಿಡಿದುಕೊಂಡರೆ ಹೊಚ್ಚ ಹೊಸ ಬೆಲ್ಟೂ ಉಳಿಯುವುದಿಲ್ಲ. ಈ ಆಯ್ಕೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾರನ್ನು ಮುಂದಿನ ತಿಂಗಳು ಮಾರುವವರಿಗೂ ಹೇಳುವುದಿಲ್ಲ, ಅದನ್ನು ಕೊಳ್ಳುವವರು ಇನ್ನೊಂದು ಮನೆಯವರೇ ತಾನೇ.

ಕಿಟ್ ಎಂದರೆ ಡಸ್ಟರ್‌ನಲ್ಲಿ ಬೆಲ್ಟ್ ಮತ್ತು ಟೆನ್ಷನರ್. ಟಿಡಿಐ ಥರದ ಎಂಜಿನ್‌ಗಳಲ್ಲಿ ಬೆಲ್ಟಿನ ದಾರಿ ಉದ್ದ, ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ರೋಲರ್‌ಗಳೂ ಇರುತ್ತವೆ. ಅವೂ ಕಿಟ್‌ನಲ್ಲಿ ಬರಬೇಕು. ಎಸ್ಟಿಮೇಟ್‌ನಲ್ಲಿ "ಟೈಮಿಂಗ್ ಕಿಟ್" ಎಂದು ಒಂದೇ ಸಾಲು ಬರೆದಿದ್ದರೆ ಒಳಗೆ ಏನೇನಿದೆ ಎಂದು ಕೇಳಿ ಬರೆಸಿಕೊಳ್ಳಿ.

ಪಂಪ್ ಸೇರಿಸುವ ವಿಷಯ ಎಂಜಿನ್ ಮೇಲೆ ನಿಂತಿದೆ. ಕೆ9ಕೆ, ಟಿಡಿಐ, ಫೋರ್ಡ್ ಟಿಡಿಸಿಐ ಈ ಮೂರರಲ್ಲೂ ವಾಟರ್ ಪಂಪನ್ನು ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ. ಅಂದರೆ ಪಂಪ್ ಕೆಟ್ಟರೆ ಇಷ್ಟನ್ನೂ ಮತ್ತೆ ಬಿಚ್ಚಬೇಕು. ಹಾಗಾಗಿ ಈಗಲೇ ಹಾಕಿಸಿದರೆ ಜಾಸ್ತಿ ಆಗುವುದು ಪಂಪಿನ ಬೆಲೆ, ಸ್ವಲ್ಪ ಕೂಲೆಂಟಿನ ಬೆಲೆ ಮಾತ್ರ. ನಾನು ಮೊದಲ ಕಾರಿನಲ್ಲಿ ಕಲಿತದ್ದು ಇದನ್ನೇ. ಆದರೆ ಇನ್ನೋವಾ 2.5ರಲ್ಲಿ ವಾಟರ್ ಪಂಪ್ ಹೊರಗಿನ ಬೆಲ್ಟಿನಿಂದ ತಿರುಗುತ್ತದೆ. ಅದರ ಟೈಮಿಂಗ್ ಬೆಲ್ಟ್ ಚಿಕ್ಕದು, ಮೇಲುಗಡೆಯೇ ಇದೆ, ಕೆಲಸವೂ ಸುಲಭ. ಅಲ್ಲಿ ಸೋರದ ಪಂಪನ್ನು ಬೆಲ್ಟಿನ ಜೊತೆ ಬದಲಿಸಿ ಎನ್ನಲು ಕಾರಣವಿಲ್ಲ. ಯಾರೋ ಹೇಳಿದರು ಎಂದು ಎಲ್ಲ ಕಾರಿಗೂ ಒಂದೇ ಪಟ್ಟಿ ಅಂಟಿಸಬಾರದು.

ಪಂಪ್ ಬದಲಿಸಿದಾಗ ಕೂಲೆಂಟ್ ಹೊಸದು ಹಾಕಬೇಕಾಗುತ್ತದೆ. ಬೋರ್‌ವೆಲ್ ನೀರು ಬೆರೆಸಲು ಬಿಡಬೇಡಿ. ನಮ್ಮ ಎಷ್ಟೋ ಜಿಲ್ಲೆಗಳ ನೀರಿನಲ್ಲಿ ಸುಣ್ಣದಂಶ ಜಾಸ್ತಿ. ಪಂಪಿನ ಸೀಲಿಗೂ, ರೇಡಿಯೇಟರಿಗೂ ಅದು ಒಳ್ಳೆಯದಲ್ಲ. ಕಂಪನಿ ಹೇಳಿದ ಬಗೆಯ ಕೂಲೆಂಟ್, ಬೆರೆಸಬೇಕಾದರೆ ಡಿಸ್ಟಿಲ್ಡ್ ವಾಟರ್. ಆಮೇಲೆ ಒಳಗಿನ ಗಾಳಿ ಪೂರ್ತಿ ತೆಗೆದಿದ್ದಾರಾ ಕೇಳಿ.

ಇನ್ನು ಮರೆತುಹೋಗುವ ಒಂದು ಸಾಮಾನು ಹೊರಗಿನ ಬೆಲ್ಟ್. ಆಲ್ಟರ್ನೇಟರ್ ತಿರುಗಿಸುವ ಈ ಬೆಲ್ಟ್ ಸವೆದು ನಾರು ಬಿಟ್ಟರೆ, ಆ ನಾರು ಕ್ರ್ಯಾಂಕ್ ಪುಲಿಯ ಹಿಂದೆ ಸೇರಿ ಟೈಮಿಂಗ್ ಬೆಲ್ಟಿನೊಳಗೆ ಸಿಕ್ಕಿಕೊಳ್ಳಬಹುದು. ಡೀಸೆಲ್ ರೆನೋಗಳನ್ನು ಬಲ್ಲ ಮೆಕ್ಯಾನಿಕ್‌ಗಳು ಇದನ್ನು ತಾವಾಗಿಯೇ ಹೇಳುತ್ತಾರೆ. ಆ ಬೆಲ್ಟನ್ನು ಹೇಗೂ ಬಿಚ್ಚಿಯೇ ಬಿಚ್ಚಿರುತ್ತಾರೆ, ಹೊಸದು ಹಾಕಿಸಿ. ಅದರ ಟೆನ್ಷನರ್ ಶಬ್ದ ಮಾಡುತ್ತಿದ್ದರೆ ಅದನ್ನೂ. ಬಲಗಡೆಯ ಎಂಜಿನ್ ಮೌಂಟಿನ ರಬ್ಬರ್ ಒಡೆದಿದ್ದರೆ ಅದಕ್ಕೂ ಇದೇ ಸಮಯ. ಕ್ರ್ಯಾಂಕ್ ಪುಲಿಯ ಬೋಲ್ಟ್ ಒಂದೇ ಸಲ ಬಿಗಿ ಮಾಡುವಂಥದ್ದು, ಹಳೆಯದನ್ನೇ ಮತ್ತೆ ಹಾಕುವುದು ಬೇಡ.

ಕ್ರ್ಯಾಂಕ್ ಮತ್ತು ಕ್ಯಾಮ್ ಆಯಿಲ್ ಸೀಲ್ ವಿಷಯದಲ್ಲಿ ಮಾತ್ರ ನಾನು ಬೇರೆ ದಾರಿ ಹಿಡಿಯುತ್ತೇನೆ. ಎಣ್ಣೆಯ ಪಸೆ ಕಂಡರೆ ಬದಲಿಸಲೇಬೇಕು, ಎಣ್ಣೆ ಬೆಲ್ಟಿಗೆ ಶತ್ರು. ಒಣಗಿದ್ದರೆ ಮುಟ್ಟಬೇಡಿ. ಈ ಎಂಜಿನ್ನಿನ ಸೀಲ್ ನಾಜೂಕು, ಸರಿಯಾದ ಸಾಧನ ಇಲ್ಲದೆ ಹೊಡೆದು ಕೂರಿಸಿದರೆ ಸೋರದ ಜಾಗ ಸೋರತೊಡಗುತ್ತದೆ. ಅಲ್ಲಿಗೆ ಮತ್ತೆ ಬಿಚ್ಚುವ ಕೆಲಸ ಬಂತು.

ಕಂಪನಿ ಡಬ್ಬಿ, ಹೊರಗಿನ ಬ್ರ್ಯಾಂಡ್, ಅಗ್ಗದ ಮಾಲು

ಕಾರು ಕಂಪನಿಗಳು ಟೈಮಿಂಗ್ ಬೆಲ್ಟ್ ತಾವೇ ಮಾಡುವುದಿಲ್ಲ. ಬೆಲ್ಟ್ ಮಾಡುವವರು ಬೇರೆ, ಅವರ ಮಾಲು ಕಂಪನಿ ಡಬ್ಬಿಯಲ್ಲಿ ಬರುತ್ತದೆ. ಗೇಟ್ಸ್, ಕಾಂಟಿನೆಂಟಲ್, ಡೇಕೊ ಬೆಲ್ಟ್‌ಗಳು, ಐಎನ್‌ಎ ಮತ್ತು ಎಸ್‌ಕೆಎಫ್ ಟೆನ್ಷನರ್‌ಗಳು ಈ ಕ್ಷೇತ್ರದ ಒಳ್ಳೆಯ ಹೆಸರುಗಳು. ಇವು ಕಂಪನಿ ಡಬ್ಬಿಗಿಂತ ಕಡಿಮೆಗೆ ಸಿಕ್ಕರೆ ನಾನು ಕಣ್ಣು ಮುಚ್ಚಿ ಒಪ್ಪುತ್ತೇನೆ. ಕೆ9ಕೆ 2001ರಿಂದ ಪ್ರಪಂಚದ ತುಂಬಾ ಓಡಿದ ಎಂಜಿನ್. ರೆನೋ, ನಿಸ್ಸಾನ್, ಡಾಸಿಯಾ, ಮರ್ಸಿಡಿಸ್‌ನ ಚಿಕ್ಕ ಕಾರುಗಳಲ್ಲಿ ಕೂಡ ಬಂದಿದೆ. ಇಲ್ಲಿ ಡೀಸೆಲ್ ಡಸ್ಟರ್ ನಿಂತರೂ ಬೆಲ್ಟಿಗೆ ಬರ ಬರುವುದಿಲ್ಲ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿದಾಗ ಇಕೋಸ್ಪೋರ್ಟ್ ಇಟ್ಟವರು ತುಂಬಾ ಹೆದರಿದ್ದರು. ಅವರ ಟಿಡಿಸಿಐ ಕೂಡ ಪೂಜೊ, ಸಿಟ್ರೋಯೆನ್ ಜೊತೆ ಹಂಚಿಕೊಂಡ ಎಂಜಿನ್ ಬಳಗದ್ದು, ಹಾಗಾಗಿ ಬೆಲ್ಟ್ ಮಟ್ಟಿಗೆ ಹೆದರಬೇಕಿಲ್ಲ.

ಭಯ ಇರುವುದು ನಕಲಿ ಮಾಲಿನದು. ಒಳ್ಳೆಯ ಬ್ರ್ಯಾಂಡಿನ ಹೆಸರೇ ಮುದ್ರಿಸಿದ ಡಬ್ಬಿ, ಒಳಗೆ ಯಾವುದೋ ರಬ್ಬರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಪಾರ್ಟ್ ಇಲ್ಲ, ಆದರೆ ಪರಿಚಯದ, ಜಿಎಸ್‌ಟಿ ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಬೆಲ್ಟ್ ಮೇಲಿನ ಮುದ್ರಣ ತಿಳಿಯಾಗಿರಬೇಕು, ಡಬ್ಬಿಯ ನಂಬರಿಗೆ ಹೊಂದಬೇಕು. ಬೆಲ್ಟನ್ನು ಮಡಚಿ ರಬ್ಬರ್‌ಬ್ಯಾಂಡ್ ಹಾಕಿಟ್ಟಿದ್ದರೆ ಬೇಡ ಎನ್ನಿ. ಚೂಪಾಗಿ ಮಡಚಿದರೆ ಒಳಗಿನ ಗಾಜಿನ ನಾರು ಮುರಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಇದೇ ಕಾರಣಕ್ಕೆ ಗ್ಯಾರೇಜಿನಲ್ಲಿ ಯಾರಾದರೂ ಬೆಲ್ಟನ್ನು ಒಳಹೊರಗು ಮಾಡಿ ತಿರುಚಿ ತೋರಿಸಲು ಹೊರಟರೆ ತಡೆಯಿರಿ.

ಪಾರ್ಟ್ ತರುವಾಗ "ಡಸ್ಟರ್ ಡೀಸೆಲ್" ಎಂದರೆ ಸಾಲದು. ಕೆ9ಕೆಯಲ್ಲೇ ಹಲವು ಬಗೆಗಳಿವೆ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಕೊಟ್ಟು ತರಿಸಿ.

ಯಾರ ಕೈಗೆ ಕೊಡುವುದು

ನನ್ನ ಪ್ರಕಾರ ಬ್ರ್ಯಾಂಡಿಗಿಂತ ಇದು ದೊಡ್ಡ ಪ್ರಶ್ನೆ. ಒಳ್ಳೆಯ ಕಿಟ್ಟನ್ನು ಕೆಟ್ಟದಾಗಿ ಕಟ್ಟಿದರೆ ಅದು ನೂರು ಕಿಲೋಮೀಟರೂ ಬರದೆ ಹೋಗಬಹುದು.

ಕಂಪನಿ ಸರ್ವೀಸಿನಲ್ಲಿ ಸಾಧನ ಇರುತ್ತದೆ, ಬಿಲ್ ಸಿಗುತ್ತದೆ, ಪಾರ್ಟ್ ಅಸಲಿ. ಕೂಲಿ ಜಾಸ್ತಿ. ಒಂದು ವಿಷಯ ಮಾತ್ರ ಕೇಳಲೇಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಇಲ್ಲಿನ ಎಷ್ಟೋ ಚಿಕ್ಕ ಡೀಸೆಲ್‌ಗಳು ನಿಂತವು. ಡಸ್ಟರ್ ಡೀಸೆಲ್, ಪೋಲೊ ಟಿಡಿಐ ಎಲ್ಲ ಆಗಲೇ ಮುಗಿದದ್ದು. ಆಮೇಲೆ ಕೆಲಸಕ್ಕೆ ಸೇರಿದ ಹುಡುಗರು ಈ ಬೆಲ್ಟನ್ನು ಒಮ್ಮೆಯೂ ಕಟ್ಟಿರದೆ ಇರಬಹುದು. "ಈ ಎಂಜಿನ್ನಿಗೆ ಬೆಲ್ಟ್ ಹಾಕಿದವರು ಯಾರಿದ್ದಾರೆ, ಅವರೇ ಮಾಡುತ್ತಾರಾ?" ಎಂದು ಸಲಹೆಗಾರರನ್ನು ನೇರವಾಗಿ ಕೇಳಿ. ಇದರಲ್ಲಿ ಮುಜುಗರ ಏನಿಲ್ಲ.

ನಿಮ್ಮ ಕಾರಿನ ಬ್ರ್ಯಾಂಡನ್ನೇ ರಿಪೇರಿ ಮಾಡುವ ಹೊರಗಿನ ಗ್ಯಾರೇಜುಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿವೆ. ಹೆಚ್ಚಿನವನ್ನು ಮುಂಚೆ ಕಂಪನಿ ಸರ್ವೀಸಿನಲ್ಲಿ ಪಳಗಿದವರೇ ನಡೆಸುತ್ತಾರೆ. ಹಳೆ ಡೀಸೆಲ್ ಬೆಲ್ಟಿಗೆ ನನ್ನ ಮೊದಲ ಆಯ್ಕೆ ಇದೇ. ನಿಮ್ಮ ಊರಿನಿಂದ ನೂರು ಕಿಲೋಮೀಟರ್ ಆದರೂ ಹೋಗಿ ಬನ್ನಿ ಎನ್ನುತ್ತೇನೆ.

ಊರಿನ ಮೆಕ್ಯಾನಿಕ್ ಮೂರನೆಯ ಆಯ್ಕೆ. ಇಲ್ಲಿ ಒಟ್ಟಾರೆ ಒಳ್ಳೆಯದು, ಕೆಟ್ಟದ್ದು ಎಂದು ಹೇಳಲಾಗದು. ಇಂಡಿಕಾ ಟ್ಯಾಕ್ಸಿಗಳ ಕಾಲದಿಂದ ಬೆಲ್ಟ್ ಕಟ್ಟುತ್ತಾ ಬಂದ ಅದ್ಭುತ ಕೈಗಳು ನಮ್ಮ ಊರುಗಳಲ್ಲಿವೆ. ಅಂಥವರನ್ನು ಗುರುತಿಸಲು ಮೂರು ಪ್ರಶ್ನೆ ಸಾಕು.

ಮೊದಲನೆಯದು, ಪಿನ್ ಇದೆಯಾ? ಕೆ9ಕೆಯಲ್ಲಿ ಕ್ರ್ಯಾಂಕನ್ನು ಒಂದು ಪಿನ್ ಹಾಕಿ ನಿಲ್ಲಿಸಬೇಕು. ಕ್ಯಾಮ್ ಪುಲಿಯ ತೂತಿನಿಂದ ಹೆಡ್ಡಿನೊಳಕ್ಕೆ 8 ಮಿ.ಮೀ.ನ ಇನ್ನೊಂದು ಪಿನ್. ಎರಡೂ ಕೂತ ಮೇಲೆಯೇ ಹಳೆ ಬೆಲ್ಟ್ ತೆಗೆಯಬೇಕು. ಹಲವರು ವೈಟ್‌ನರ್‌ನಲ್ಲಿ ಪುಲಿಗೂ ಬೆಲ್ಟಿಗೂ ಗುರುತು ಹಾಕಿಕೊಂಡು ಕಟ್ಟುತ್ತಾರೆ. ಎಷ್ಟೋ ಸಲ ಸರಿಯಾಗಿಯೂ ಬರುತ್ತದೆ. ಆದರೆ ಹಿಂದಿನವರು ಒಂದು ಹಲ್ಲು ತಪ್ಪಿ ಕಟ್ಟಿದ್ದರೆ ಆ ತಪ್ಪೇ ಹೊಸ ಬೆಲ್ಟಿಗೂ ಬರುತ್ತದೆ. ಬೆಲ್ಟ್ ತೆಗೆಯುವಾಗ ಕ್ಯಾಮ್ ತುಸು ತಿರುಗಿದರೂ ಗುರುತು ಮೋಸ ಮಾಡುತ್ತದೆ. ಪಿನ್ ಇಲ್ಲ ಎಂದರೆ ನಾನು ಕಾರು ಬಿಡುವುದಿಲ್ಲ.

ಎರಡನೆಯದು, ಕಟ್ಟಿದ ಮೇಲೆ ಕೈಯಿಂದ ತಿರುಗಿಸಿ ನೋಡುತ್ತೀರಾ? ಪಿನ್ ತೆಗೆದು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲೂ ತಡೆಯಬಾರದು. ಆಮೇಲೆ ಎರಡೂ ಪಿನ್‌ಗಳು ಮತ್ತೆ ಸಲೀಸಾಗಿ ಕೂರಬೇಕು, ಟೆನ್ಷನರ್ ಸೂಜಿ ತನ್ನ ಗುರುತಿನಲ್ಲೇ ಇರಬೇಕು. ನೇರವಾಗಿ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಿ ನೋಡುವುದು ಪರೀಕ್ಷೆಯಲ್ಲ. ತಪ್ಪಿದ್ದರೆ ವಾಲ್ವ್ ಬಾಗಿದ ಮೇಲೆಯೇ ಗೊತ್ತಾಗುವುದು.

ಮೂರನೆಯದು, ಟಾರ್ಕ್ ರೆಂಚ್, ಅಂದರೆ ಬಿಗಿಯನ್ನು ಅಳೆದು ಕೊಡುವ ಸ್ಪ್ಯಾನರ್ ಇದೆಯಾ? ಟೆನ್ಷನರ್ ನಟ್ಟು, ಕ್ರ್ಯಾಂಕ್ ಬೋಲ್ಟು, ಮೌಂಟಿನ ಬೋಲ್ಟು, ಇವಕ್ಕೆ ಒಂದೊಂದಕ್ಕೂ ಒಂದೊಂದು ಬಿಗಿ ಇದೆ. ಕೈ ಅಂದಾಜು ಇಲ್ಲಿ ಬೇಡ.

ಹಳೆ ಇಂಡಿಕಾ ಇರುವವರಿಗೆ ಇನ್ನೊಂದು ಮಾತು. ಅದರಲ್ಲಿ ಕಾಮನ್ ರೈಲ್ ಇಲ್ಲ. ಡೀಸೆಲ್ ಯಾವ ಕ್ಷಣಕ್ಕೆ ಸಿಡಿಯಬೇಕು ಎಂಬುದು ರೋಟರಿ ಪಂಪಿನ ಟೈಮಿಂಗ್ ಮೇಲೇ ನಿಂತಿದೆ, ಆ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ. ಬೆಲ್ಟ್ ಹಾಕಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಕಷ್ಟವಾದರೆ, ಹೊಗೆ ಜಾಸ್ತಿಯಾದರೆ, ಕಟಕಟ ಶಬ್ದ ಬಂದರೆ ಪಂಪಿನ ಟೈಮಿಂಗ್ ತಪ್ಪಿರಬಹುದು. ಕಾಮನ್ ರೈಲ್ ಕಾರುಗಳಲ್ಲಿ ಆ ಕ್ಷಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ಅಲ್ಲಿ ಪಂಪ್ ಬರೀ ಒತ್ತಡ ಕೊಡುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾ ಎಂದು ಕೆಲವರು ಕೇಳುತ್ತಾರೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಮಾಡಿ ರೂಢಿ ಇದ್ದರೂ ಮೊದಲ ಬೆಲ್ಟನ್ನು ಬಲ್ಲವರ ಪಕ್ಕ ನಿಂತು ಮಾಡಿ. ಒಬ್ಬರೇ ಬೇಡ.

ಹಳೆ ಕಾರಿಗೆ ಇಷ್ಟು ಹಾಕಬೇಕಾ

ಈ ಅನುಮಾನ ನನಗೂ ಬಂದಿತ್ತು. ನಮ್ಮಲ್ಲಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇನ್ನು ಮೂರೇ ವರ್ಷ ಓಡುವ ಕಾರಿಗೆ ಪೂರ್ತಿ ಕಿಟ್ ಯಾಕೆ ಎನಿಸುವುದು ಸಹಜ. ಆದರೆ ಬೆಲ್ಟ್ ಕಡಿದರೆ ಏನಾಗುತ್ತದೆ ಎಂದು ಪಕ್ಕದಲ್ಲಿಟ್ಟು ನೋಡಿ. ಹೆಡ್ ಇಳಿಸಬೇಕು. ವಾಲ್ವ್ ಬದಲಿಸಬೇಕು. ಗೈಡ್ ಬಿರುಕು ಬಿಟ್ಟಿದೆಯಾ, ಕ್ಯಾಮ್ ಒಡೆದಿದೆಯಾ, ಪಿಸ್ಟನ್ ತಲೆಗೆ ಪೆಟ್ಟಾಗಿದೆಯಾ ನೋಡಬೇಕು. ಹೆಡ್ ಲೇತಿಗೆ ಹೋಗಬೇಕು. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು. ಇಷ್ಟೆಲ್ಲ ಆದ ಮೇಲೂ ಆ ಬೆಲ್ಟ್ ಕಿಟ್ ಹಾಕಲೇಬೇಕು. ಇದಕ್ಕೆ ಖರ್ಚು ಮಾಡುವ ಬದಲು ಕಾರನ್ನು ಗುಜರಿಗೆ ಕೊಟ್ಟವರನ್ನು ನಾನು ನೋಡಿದ್ದೇನೆ. ಎಂಜಿನ್ ಆ ಹಿಂದಿನ ದಿನದವರೆಗೂ ಚೆನ್ನಾಗಿ ಓಡುತ್ತಿತ್ತು. ಅದು ಬೇಸರದ ವಿಷಯ.

ದುಡ್ಡಿನ ಮಾತು ಬಿಡಿ. ಶಿರಾಡಿ ಘಾಟಿಯ ತಿರುವಿನಲ್ಲಿ, ರಾತ್ರಿ, ಹಿಂದೆ ಟ್ಯಾಂಕರ್ ಬರುತ್ತಿರುವಾಗ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕ್ ಬೂಸ್ಟರ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಒಳಗೆ ಮನೆಯವರು ಇರುತ್ತಾರೆ.

ಒಂದು ವೇಳೆ ಓಡುತ್ತಿದ್ದಾಗ ಎಂಜಿನ್ ತಟ್ಟನೆ ನಿಂತು, ಮತ್ತೆ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಯಾವತ್ತಿಗಿಂತ ಹಗುರಾಗಿ, ವೇಗವಾಗಿ ತಿರುಗಿದರೆ ಅಲ್ಲಿಗೇ ಕೈ ಬಿಡಿ. ಎರಡನೇ ಸಲ ತಿರುಗಿಸಬೇಡಿ, ತಳ್ಳಿಸಿ ಸ್ಟಾರ್ಟ್ ಮಾಡಿಸಬೇಡಿ. ಟೋ ಮಾಡಿಸಿ. ಗ್ಯಾರೇಜಿನಲ್ಲಿ "ಹೊಸ ಬೆಲ್ಟ್ ಹಾಕಿ ನೋಡೋಣ" ಎಂದರೆ, ಕೈಯಿಂದ ತಿರುಗಿಸಿ ಕಂಪ್ರೆಷನ್ ನೋಡದೆ ಸ್ಟಾರ್ಟ್ ಮಾಡಲು ಬಿಡಬೇಡಿ.

ನಾನು ಕೊನೆಗೆ ಮಾಡಿಸಿದ್ದು

ಪಿನ್ ಸೆಟ್ ತೋರಿಸಿದ ಹೊರಗಿನ ಗ್ಯಾರೇಜು. ಬ್ರ್ಯಾಂಡೆಡ್ ಬೆಲ್ಟ್ ಕಿಟ್, ವಾಟರ್ ಪಂಪ್, ಹೊರಗಿನ ಬೆಲ್ಟ್ ಮತ್ತು ಅದರ ಟೆನ್ಷನರ್, ಕ್ರ್ಯಾಂಕ್ ಬೋಲ್ಟ್, ಕೂಲೆಂಟ್. ಸೀಲ್‌ಗಳು ಒಣಗಿದ್ದವು, ಮುಟ್ಟಲಿಲ್ಲ. ಮೌಂಟ್ ಗಟ್ಟಿಯಾಗಿತ್ತು, ಅದನ್ನೇ ಹಾಕಿದರು. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟೆ, ಸಂಜೆ ಐದಕ್ಕೆ ಸಿಕ್ಕಿತು. ಕ್ರ್ಯಾಂಕ್ ತಿರುಗಿಸುವಾಗ ಕರೆಯಿರಿ ಎಂದಿದ್ದೆ, ಕರೆದರು. ಎರಡನೇ ಸುತ್ತು ಮುಗಿದು ಪಿನ್ ಒಳಗೆ ಜಾರಿದಾಗ ಅವರ ಮುಖದಲ್ಲೂ ನೆಮ್ಮದಿ ಕಂಡಿತು.

ಹಳೆ ಸಾಮಾನು ಎಲ್ಲ ಕೇಳಿ ಪಡೆದೆ. ಬೆಲ್ಟಿನಲ್ಲಿ ಒಂದು ಬಿರುಕೂ ಇರಲಿಲ್ಲ. ಟೆನ್ಷನರನ್ನು ಬೆರಳಿನಿಂದ ತಿರುಗಿಸಿದರೆ ಒಳಗೆ ಮರಳು ಹಾಕಿದ ಹಾಗೆ ಗರಗರ ಎನ್ನುತ್ತಿತ್ತು. ದಿನಾಂಕ, ಕಿಲೋಮೀಟರ್, ಕಿಟ್ಟಿನ ನಂಬರ್ ಬರೆದ ಚೀಟಿಯನ್ನು ಟೈಮಿಂಗ್ ಕವರಿನ ಮೇಲೆ ಅಂಟಿಸಿದ್ದೇನೆ. ಬಿಲ್ಲಿನ ಜೆರಾಕ್ಸ್ ಆರ್‌ಸಿ ಜೊತೆ ಗ್ಲೋವ್‌ಬಾಕ್ಸಿನಲ್ಲಿದೆ. ಮುಂದೆ ಈ ಕಾರು ಯಾರ ಮನೆಗೆ ಹೋದರೂ ಅದೂ ಜೊತೆಗೆ ಹೋಗುತ್ತದೆ.